ಹಳೆಯ ಕಾರು, ಹೊಸ ಬಾಳು

ಅಮೆರಿಕೆಯಲ್ಲಿ ಹತ್ತು ಹನ್ನೆರಡು ವರ್ಷ ಓಡಿದ ಕಾರು ಅದರ ಒಡೆಯನಿಗೆ ಒಂದು ಹೊರೆ. ಹೊಸದನ್ನು ಕೊಂಡ ಮೇಲೆ ಹಳೆಯದು ಮನೆಯ ಮುಂದೆ ಸುಮ್ಮನೆ ನಿಂತಿರುತ್ತದೆ. ಮಾರಲು ಹೊರಟರೆ ದೊರೆಯುವ ಹಣ ಅಲ್ಪ. ಅದೇ ಊರಿನ ಇನ್ನೊಂದು ಬೀದಿಯಲ್ಲಿ, ಯುದ್ಧದಿಂದಲೋ ದಬ್ಬಾಳಿಕೆಯಿಂದಲೋ ತಾಯ್ನಾಡನ್ನು ಕಳೆದುಕೊಂಡು ಬಂದ ಸಂಸಾರವೊಂದು, ಕೆಲಸವಿದ್ದರೂ ಕೆಲಸದ ಸ್ಥಳವನ್ನು ಸೇರುವ ದಾರಿ ಕಾಣದೆ ಕೈಚೆಲ್ಲಿ ಕುಳಿತಿರುತ್ತದೆ. ಒಬ್ಬರಿಗೆ ಬೇಡವಾದ ವಸ್ತು ಇನ್ನೊಬ್ಬರ ಬಾಳಿಗೆ ಆಧಾರವಾಗುವಂತೆ ಮಾಡುವ ಕಾರ್ಯವನ್ನು ಅಲ್ಲಿನ ಕೆಲವು ಸೇವಾಸಂಸ್ಥೆಗಳು ಕೈಗೊಂಡಿವೆ.

ಬಸ್ಸು ನಿಂತ ಮೇಲೆ

1980ರ ನಿರಾಶ್ರಿತರ ಕಾಯಿದೆ ಬಂದಂದಿನಿಂದ ಅಮೆರಿಕ 30 ಲಕ್ಷಕ್ಕೂ ಹೆಚ್ಚು ನಿರಾಶ್ರಿತರನ್ನು ಬರಮಾಡಿಕೊಂಡಿದೆ. ಹೀಗೆ ಬಂದವರಿಗೆ ದುಡಿಯುವ ಹಕ್ಕು ಮೊದಲ ದಿನದಿಂದಲೇ ಉಂಟು. ಆದರೆ ದುಡಿಯಲೇಬೇಕಾದ ಒತ್ತಾಯವೂ ಅದರ ಬೆನ್ನಿಗೇ ಇರುತ್ತದೆ. ನೆಲೆಗೊಳಿಸಲೆಂದು ಸರ್ಕಾರ ಗೊತ್ತುಮಾಡಿದ್ದ ಆರಂಭದ ನೆರವಿನ ಅವಧಿ ಕೇವಲ 90 ದಿನ. ಅಷ್ಟರೊಳಗೆ ಬಾಡಿಗೆ ಮನೆ, ಮಕ್ಕಳ ಶಾಲೆ, ಭಾಷೆಯ ಪಾಠ ಎಲ್ಲವೂ ಒಂದು ದಾರಿಗೆ ಬರಬೇಕು. ವಿಮಾನದ ಪ್ರಯಾಣವೆಚ್ಚ ಕೂಡ ದಾನವಲ್ಲ. ಅದು ಬಡ್ಡಿಯಿಲ್ಲದ ಸಾಲ. ಕೆಲವು ತಿಂಗಳು ಕಳೆದೊಡನೆ ಕಂತು ಕಟ್ಟತೊಡಗಬೇಕು.

ಇಂಗ್ಲಿಷು ಬಾರದವರಿಗೆ ಸುಲಭವಾಗಿ ದೊರೆಯುವ ಕೆಲಸಗಳಾದರೂ ಎಂಥವು? ಮಾಂಸದ ಕಾರ್ಖಾನೆ, ಸರಕಿನ ಉಗ್ರಾಣ, ಹೋಟೆಲಿನ ಕೋಣೆಗಳ ಶುಚಿಕಾರ್ಯ. ಇವುಗಳಲ್ಲಿ ಎಷ್ಟೋ ಊರಾಚೆ, ಹೆದ್ದಾರಿಯ ಮಗ್ಗುಲಲ್ಲಿವೆ. ಪಾಳಿ ಮುಗಿಯುವುದು ನಡುರಾತ್ರಿ, ಇಲ್ಲವೆ ಕೋಳಿ ಕೂಗುವ ಹೊತ್ತು. ನ್ಯೂಯಾರ್ಕಿನಂಥ ಮಹಾನಗರದಲ್ಲಿ ರಾತ್ರಿಯಿಡೀ ರೈಲು ಓಡಬಹುದು. ಸಣ್ಣ ಊರುಗಳಲ್ಲಿ ಕತ್ತಲಾದ ಮೇಲೆ ಬಸ್ಸಿಗೆ ಕಾಯುವುದೇ ವ್ಯರ್ಥ. ಅಲ್ಲಿನ ಊರುಗಳು ಬೆಳೆದಿರುವುದೇ ಕಾರನ್ನು ನಂಬಿಕೊಂಡು. ಕಾರು ಇಲ್ಲದವನಿಗೆ ಹತ್ತು ಮೈಲಿ ದೂರದ ಕೆಲಸವೂ ಇಲ್ಲದ ಕೆಲಸವೇ ಸರಿ. ಕೆಲಸವಿಲ್ಲದೆ ಕಾರು ಕೊಳ್ಳುವ ಹಣವಿಲ್ಲ, ಕಾರಿಲ್ಲದೆ ಕೆಲಸವಿಲ್ಲ. ಈ ಗಂಟನ್ನು ಬಿಡಿಸುವುದು ಹೇಗೆ?

ಬರ್ಲಿಂಗ್ಟನ್ನಿನ ಗ್ಯಾರೇಜು

ಈ ಪ್ರಶ್ನೆಗೆ ಒಂದು ಉತ್ತರ ದೊರೆತದ್ದು ವರ್ಮಾಂಟ್ ರಾಜ್ಯದಲ್ಲಿ. ಷಾಂಪ್ಲೇನ್ ಸರೋವರದ ದಡದಲ್ಲಿರುವ ಬರ್ಲಿಂಗ್ಟನ್ ಚಿಕ್ಕ ನಗರ. ಚಳಿಗಾಲದಲ್ಲಿ ಅಲ್ಲಿನ ಬೀದಿಗಳು ಹಿಮದಲ್ಲಿ ಹುದುಗಿಹೋಗುತ್ತವೆ. ಬೋಸ್ನಿಯಾದ ಯುದ್ಧದಿಂದ ಪಾರಾದವರು, ಸೊಮಾಲಿಯಾದ ಬಂಟು ಜನರು, ಭೂತಾನದವರು ಒಬ್ಬರ ಹಿಂದೊಬ್ಬರಂತೆ ಬಂದು ಇಲ್ಲಿ ನೆಲೆಸಿದರು. ಇವರಲ್ಲಿ ಭೂತಾನದವರ ಕಥೆ ಭಾರತಕ್ಕೆ ನೆರೆಮನೆಯ ಕಥೆ. 1990ರ ಸುಮಾರಿಗೆ ದೇಶ ಬಿಟ್ಟು ಹೊರಡಬೇಕಾಗಿ ಬಂದ ನೇಪಾಳಿ ಮಾತಿನ ಈ ಜನ ಪೂರ್ವ ನೇಪಾಳದ ಶಿಬಿರಗಳ ಬಿದಿರು ಗುಡಿಸಲುಗಳಲ್ಲಿ ಹದಿನೈದು ವರ್ಷಗಳಿಗೂ ಹೆಚ್ಚು ಕಾಲ ಕಳೆದರು. 2008ರ ಈಚೆಗೆ ಅವರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಬೇರೆ ದೇಶಗಳಿಗೆ ತೆರಳಿದರು; ಬಹುಪಾಲು ಜನ ಹೋದದ್ದು ಅಮೆರಿಕೆಗೆ. ಶಿಬಿರದಲ್ಲಿಯೇ ಹುಟ್ಟಿ ಬೆಳೆದ ತರುಣನಿಗೆ ಕಾರಿನ ಚಕ್ರ ಹಿಡಿಯುವ ಅವಕಾಶವೆಲ್ಲಿಯದು?

ಈ ಬರ್ಲಿಂಗ್ಟನ್ನಿನಲ್ಲಿ 1996ರಲ್ಲಿ ಹಾಲ್ ಕೋಲ್‌ಸ್ಟನ್ ಎಂಬವರು ‘ಗುಡ್ ನ್ಯೂಸ್ ಗ್ಯಾರೇಜ್’ ಎಂಬ ಸಂಸ್ಥೆಯನ್ನು ಹುಟ್ಟುಹಾಕಿದರು. ಅದು ನಿರಾಶ್ರಿತರಿಗೆಂದೇ ಮೀಸಲಾದದ್ದಲ್ಲ. ಕೆಲಸಕ್ಕೆ ಹೋಗಲು ವಾಹನವಿಲ್ಲದ ಬಡ ಸಂಸಾರಗಳಿಗೆಲ್ಲ ನೆರವಾಗುವುದು ಅದರ ಗುರಿ. ಜನ ದಾನವಾಗಿ ಕೊಟ್ಟ ಕಾರುಗಳನ್ನು ಪರೀಕ್ಷಿಸಿ, ದುರಸ್ತಿ ಮಾಡಿ, ಅಗತ್ಯವುಳ್ಳವರ ಕೈಗೆ ಒಪ್ಪಿಸುವುದು ಅದರ ಕ್ರಮ.

‘ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ’ ಎಂದು ಕನ್ನಡದ ಗಾದೆ ದಾನ ಪಡೆದವರನ್ನು ಹಾಸ್ಯ ಮಾಡುತ್ತದೆ. ಆದರೆ ಈ ದಾನದಲ್ಲಿ ಮೊಳ ಹಾಕಲೇಬೇಕು. ಬ್ರೇಕು ಹಿಡಿಯದ, ಟೈರು ಸವೆದ ಕಾರನ್ನು ಹಿಮದ ರಸ್ತೆಗಿಳಿಸಿದರೆ ಉಪಕಾರಕ್ಕೆ ಬದಲು ಅಪಾಯವೇ ಆದೀತು. ತಿಂಗಳೊಳಗೆ ಕೆಟ್ಟು ನಿಂತರೆ, ಹೊಸದಾಗಿ ಸಿಕ್ಕ ಕೆಲಸವೂ ಅದರೊಡನೆ ಹೋಗುತ್ತದೆ.

ಕೊಟ್ಟ ಕಾರು ಎಲ್ಲಿಗೆ ಹೋಗುತ್ತದೆ?

ದಾನವಾದ ಕಾರುಗಳೆಲ್ಲ ಬಡವರ ಮನೆ ಸೇರುತ್ತವೆಂದು ತಿಳಿದರೆ ತಪ್ಪಾಗುತ್ತದೆ. ಹೆಚ್ಚಿನವು ಹರಾಜಿಗೆ ಹೋಗುತ್ತವೆ. ನಡುವಣ ವೆಚ್ಚ ಕಳೆದು ಉಳಿದ ಹಣ ಸಂಸ್ಥೆಗೆ ಸೇರುತ್ತದೆ. 2003ರಲ್ಲಿ ಅಮೆರಿಕೆಯ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ ಇಂಥ 54 ದಾನಗಳ ಜಾಡು ಹಿಡಿದು ನೋಡಿತು. ಅವುಗಳಲ್ಲಿ ಮೂರರಲ್ಲಿ ಎರಡು ಪಾಲಿನಷ್ಟರಲ್ಲಿ, ದಾನಿಗಳು ತೆರಿಗೆಯ ಲೆಕ್ಕದಲ್ಲಿ ಹೇಳಿಕೊಂಡ ಬೆಲೆಯ ಶೇಕಡ 5 ಅಥವಾ ಅದಕ್ಕೂ ಕಡಮೆ ಹಣ ಮಾತ್ರ ಸಂಸ್ಥೆಗಳಿಗೆ ತಲಪಿತ್ತು!

ಇದರ ಫಲವಾಗಿ ಕಾನೂನು ಬದಲಾಯಿತು. 2005ರಿಂದ, ಹರಾಜಾದ ಕಾರು 500 ಡಾಲರಿಗಿಂತ ಹೆಚ್ಚಿನದೆಂದು ಹೇಳುವ ದಾನಿಗೆ, ಅದು ನಿಜವಾಗಿ ಮಾರಾಟವಾದ ಬೆಲೆಯಷ್ಟಕ್ಕೆ ಮಾತ್ರ ತೆರಿಗೆಯ ರಿಯಾಯಿತಿ. ಆದರೆ ಸಂಸ್ಥೆ ಆ ಕಾರನ್ನು ಬಡವರಿಗೆ ಉಚಿತವಾಗಿ ಇಲ್ಲವೆ ಬಹಳ ಕಡಮೆ ಬೆಲೆಗೆ ಒಪ್ಪಿಸಿದರೆ, ಪೂರ್ಣ ಮಾರುಕಟ್ಟೆ ಬೆಲೆಯನ್ನೇ ತೋರಿಸಿಕೊಳ್ಳಬಹುದು. ಕಾರು ಬಡವನ ಕೈಸೇರಲೆಂಬ ಇಂಗಿತ ಈ ನಿಯಮದಲ್ಲಿ ಅಡಗಿದೆ.

ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎನ್ನುತ್ತಾರೆ. ಹಳೆಯ ಕಾರಿಗೆ ಈ ಮಾತು ಸಲ್ಲದು. ಗುಜರಿಯವನ ಕೈಗೆ ಹೋದರೆ ಅದರ ಬೆಲೆ ಒಮ್ಮೆ ಸಿಗುವ ಕೆಲವು ನೂರು ಡಾಲರು. ದುಡಿಯುವವನ ಕೈಗೆ ಬಂದರೆ ತಿಂಗಳು ತಿಂಗಳೂ ತಪ್ಪದೆ ಬರುವ ಸಂಬಳ. ಓಡಲಾರದ ಕಾರನ್ನು ಮಾರಿ, ಆ ಹಣವನ್ನು ಸಂಸಾರಗಳ ಬಾಡಿಗೆಗೋ ಔಷಧಿಗೋ ಕೊಡುವುದು ನ್ಯಾಯವೇ. ಓಡಬಲ್ಲದ್ದನ್ನೂ ಹಾಗೆಯೇ ಮಾರುವುದು ನಷ್ಟ.

ಕಾರು ಬಂದ ಮೇಲೆ

ಕಾರು ಮನೆಗೆ ಬಂದರೆ ಕಷ್ಟವೆಲ್ಲ ತೀರಿತೆಂದಲ್ಲ. ಬಹುತೇಕ ಎಲ್ಲ ರಾಜ್ಯಗಳಲ್ಲೂ ವಿಮೆ ಕಡ್ಡಾಯ. ಹೊಸ ಚಾಲಕನಿಗೆ ಅದರ ಕಂತು ದುಬಾರಿ. ಪೆಟ್ರೋಲು, ದುರಸ್ತಿಗಳ ವೆಚ್ಚ ಬೇರೆ. ಲೈಸೆನ್ಸಿಗಾಗಿ ರಸ್ತೆಯ ನಿಯಮಗಳನ್ನು ಪರಭಾಷೆಯಲ್ಲಿ ಕಲಿಯಬೇಕು. 2021ರಲ್ಲಿ ಕಾಬೂಲು ತಾಲಿಬಾನಿನ ವಶವಾದ ಮೇಲೆ 70,000ಕ್ಕೂ ಹೆಚ್ಚು ಅಫ್ಘನ್ನರು ಅಮೆರಿಕ ಸೇರಿದರು. ಎಂದೂ ಕಾರು ನಡೆಸದಿದ್ದ ಗೃಹಿಣಿಗೆ ಅಲ್ಲಿ ಲೈಸೆನ್ಸು ದೊರೆತರೆ, ಮಗುವನ್ನು ವೈದ್ಯರ ಬಳಿಗೆ ಒಯ್ಯಲು ಆಕೆ ಯಾರ ದಾರಿಯನ್ನೂ ಕಾಯಬೇಕಾಗಿಲ್ಲ. ಆದುದರಿಂದ ಕಾರಿನೊಡನೆ ಚಾಲನೆಯ ಪಾಠವನ್ನೂ ವಿಮೆಯ ತಿಳಿವಳಿಕೆಯನ್ನೂ ಕೊಡುವ ಸಂಸ್ಥೆಯ ನೆರವೇ ನಿಜವಾದ ನೆರವು.

2025ರ ಜನವರಿಯಲ್ಲಿ ಅಧ್ಯಕ್ಷರ ಆದೇಶದಿಂದ ನಿರಾಶ್ರಿತರ ಪ್ರವೇಶ ಸ್ಥಗಿತಗೊಂಡಿತು. ಆದರೆ 2024ರ ಸೆಪ್ಟೆಂಬರಿಗೆ ಕೊನೆಗೊಂಡ ಒಂದೇ ವರ್ಷದಲ್ಲಿ ಒಂದು ಲಕ್ಷ ಜನ ಬಂದಾಗಿತ್ತು. ಬಾಗಿಲು ಮುಚ್ಚಿದರೂ ಒಳಗೆ ಬಂದವರು ಬಾಳಲೇಬೇಕಷ್ಟೆ! ಸರ್ಕಾರದ ಕೈ ಬಿಗಿಯಾದಾಗ ನೆರೆಹೊರೆಯವರ ಕೈ ಸಡಿಲವಾಗಬೇಕಾಗುತ್ತದೆ. ಹಳೆಯ ಕಾರಿನ ಬೀಗದ ಕೈಯನ್ನು ಸಂಸ್ಥೆಗೆ ಒಪ್ಪಿಸುವ ದಾನಿ, ಅದು ಹರಾಜಿಗೆ ಹೋಗುವುದೋ ಒಂದು ಸಂಸಾರಕ್ಕೆ ಸಲ್ಲುವುದೋ ಎಂದು ಕೇಳಿ ತಿಳಿದರೆ, ಅವನ ದಾನ ಸರಿಯಾದ ಮನೆಯ ಬಾಗಿಲನ್ನು ತಲಪೀತು.