ಚಳಿಗಾಲದ ಸೈಕಲ್ ಪ್ಯಾಂಟು

ಪ್ರಶ್ನೆ: ಸ್ಕಾಟ್ಲೆಂಡಿನಲ್ಲಿರುವ ಮಗ ಚಳಿಗಾಲದಲ್ಲೂ ಗ್ಲೆಂಟ್ರೆಸ್ ಕಾಡಿನಲ್ಲಿ ಮೌಂಟನ್ ಬೈಕ್ ಓಡಿಸುತ್ತಾನೆ. ಪೂರಾ ವಾಟರ್‌ಪ್ರೂಫ್ ಪ್ಯಾಂಟ್ ಕೊಡಿಸೋಣವೆಂದರೆ ಬೇಡ, ತೆಳುವಾದದ್ದೇ ಸಾಕು ಎನ್ನುತ್ತಾನೆ. ಯಾಕೆ?

ಉತ್ತರ: ಮಗ ಹೇಳುವುದೇ ಸರಿ. ಏರು ತುಳಿಯುವಾಗ ಮೈ ಕಾಯುತ್ತದೆ. ನೀರನ್ನು ಒಳಬಿಡದ ಬಟ್ಟೆ ಬೆವರನ್ನೂ ಸಲೀಸಾಗಿ ಹೊರಬಿಡದು. ಮಳೆಗೆ ನೆನೆಯದವನು ಬೆವರಲ್ಲಿ ತೊಯ್ದು, ಇಳಿಜಾರಿನ ಗಾಳಿಗೆ ನಡುಗುತ್ತಾನೆ. ಕಾಡುದಾರಿಯಲ್ಲಿ ಎಷ್ಟೋ ದಿನ ಮೇಲಿನಿಂದ ಬೀಳುವ ನೀರಿಗಿಂತ ಹಿಂಚಕ್ರ ಸಿಡಿಸುವ ಕೆಸರಿನದೇ ಕಾಟ. ಅದಕ್ಕೆ ಹಿಗ್ಗುವ ತೆಳು ನೈಲಾನ್, ಅದರ ಮೇಲೆ ಕೆಸುವಿನೆಲೆಯ ಹಾಗೆ ಹನಿಯನ್ನು ಜಾರಿಸುವ ಲೇಪ, ಇಷ್ಟು ಸಾಕು. ಕೂರುವ ಭಾಗದಲ್ಲಿ ಮಾತ್ರ ದಪ್ಪ ಬಟ್ಟೆಯಿದ್ದರೆ ಇನ್ನೂ ಒಳ್ಳೆಯದು. ಕಣಕಾಲಿನ ಬಳಿ ಬಿಗಿಯಾಗಿರಬೇಕು, ಇಲ್ಲವಾದರೆ ಚೈನು ನುಂಗುತ್ತದೆ. ಮಂಡಿಯಲ್ಲಿ ಪ್ಯಾಡಿಗೆ ಜಾಗ ಬೇಕು. ಅಂಗಡಿಯಲ್ಲಿ ಸುಮ್ಮನೆ ನಿಂತು ನೋಡಿದರಾಗದು, ಕಾಲು ಮಡಚಿ ನೋಡಲಿ.

ಲೇಪ ಶಾಶ್ವತವಲ್ಲ. ಫ್ಯಾಬ್ರಿಕ್ ಕಂಡಿಷನರ್ ಅದಕ್ಕೆ ಶತ್ರು. ಒಗೆದ ಮೇಲೆ, ಲೇಬಲ್ಲಿನಲ್ಲಿ ಅಡ್ಡಿ ಇಲ್ಲದಿದ್ದರೆ, ಡ್ರೈಯರಿನ ಹದ ಬಿಸಿಗೆ ಮತ್ತೆ ಚುರುಕಾಗುತ್ತದೆ. ಗಂಟೆಗಟ್ಟಲೆ ಜಡಿಯುವ ಮಳೆಯನ್ನು ಮಾತ್ರ ಇದು ತಡೆಯದು. ನೀವು ಏನಾದರೂ ಕೊಡಿಸಲೇಬೇಕೆಂದಿದ್ದರೆ ಹಿಂಚಕ್ರಕ್ಕೊಂದು ಮಡ್‌ಗಾರ್ಡ್ ಕೊಡಿಸಿ, ಪ್ಯಾಂಟಿಗಿಂತ ಅಗ್ಗ.