ಜೋಳಿಗೆಗೆ ಹಾಕುವ ಮುನ್ನ

ನಾಗರ ಅಮಾವಾಸ್ಯೆ ಕಳೆದು ಶ್ರಾವಣ ಕಾಲಿಟ್ಟಿತೆಂದರೆ ಇಂಗಳೇಶ್ವರದ ಸುತ್ತಲಿನ ಹಳ್ಳಿಗಳಲ್ಲಿ ಒಂದು ಬದಲಾವಣೆ ಕಾಣುತ್ತದೆ. ಮಠದಲ್ಲಿ ಪುರಾಣ ಪ್ರವಚನ ಆರಂಭವಾಗುತ್ತದೆ. ವರ್ಷವಿಡೀ ಸಂಜೆಯಾದೊಡನೆ ಊರ ಹೊರಗೆ ನಡೆಯುತ್ತಿದ್ದ ಕೆಲವರು ಸ್ನಾನ ಮಾಡಿ, ವಿಭೂತಿ ಧರಿಸಿ, ಪ್ರವಚನಕ್ಕೆ ಬಂದು ಕೂಡುತ್ತಾರೆ. "ಶ್ರಾವಣದಾಗ ಮುಟ್ಟೂದಿಲ್ರೀ" ಎಂದು ನಮ್ಮ ದವಾಖಾನೆಯಲ್ಲಿಯೂ ಅಭಿಮಾನದಿಂದ ಹೇಳುತ್ತಾರೆ. ಮನೆಯ ಹೆಣ್ಣುಮಕ್ಕಳು ಆ ಒಂದು ತಿಂಗಳು ನೆಮ್ಮದಿಯಿಂದ ಉಸಿರಾಡುತ್ತಾರೆ. ಬೆನಕನ ಅಮಾವಾಸ್ಯೆ ದಾಟಿದ ಮರುದಿನ ಏನಾಗುತ್ತದೆ ಎಂಬುದನ್ನು ಓದುಗರಿಗೆ ಹೇಳಬೇಕಾಗಿಲ್ಲ.

ಈ ಒಂದು ತಿಂಗಳ ವ್ರತವನ್ನು ನಾವು ಹಗುರವಾಗಿ ಕಾಣುವವರಲ್ಲ. ಆದರೆ ವೈದ್ಯರಾಗಿ ನಮ್ಮನ್ನು ಹೆಚ್ಚು ಆತಂಕಕ್ಕೆ ಈಡುಮಾಡುವ ದಿನಗಳೂ ಇವೇ ಎಂದರೆ ಕೆಲವರಿಗೆ ಆಶ್ಚರ್ಯವಾದೀತು.

ಕೆಲವು ವರ್ಷಗಳ ಹಿಂದಿನ ಮಾತು. ಸಮೀಪದ ಹಳ್ಳಿಯ ಒಕ್ಕಲುತನದ ಗೃಹಸ್ಥರೊಬ್ಬರು ಹೊಟ್ಟೆಯುರಿ, ಕೈಕಾಲು ಜುಮ್ಮೆನ್ನುವಿಕೆ ಎಂದು ಬಂದಿದ್ದರು. ಕುಡಿಯುತ್ತೀರಾ ಎಂದು ಕೇಳಿದೆವು. "ಹಬ್ಬಕ್ಕೊಮ್ಮೆ, ಲಗ್ನಕ್ಕೊಮ್ಮೆ ರೀ" ಎಂದರು. ಉಸಿರಿನ ವಾಸನೆ ಬೇರೆಯೇ ಹೇಳುತ್ತಿತ್ತು. ಆಗ ನಮ್ಮ ಬಾಯಿಯೂ ಬಿರುಸು. ಹೊರಗೆ ಕುಳಿತಿದ್ದ ನಾಲ್ಕು ಜನರಿಗೆ ಕೇಳುವಂತೆ, ಲಿಂಗವಂತರಾಗಿ ಹೀಗೆ ಮಾಡಬಹುದೇ ಎಂದು ಗದರಿದೆವು. ಅವರು ತಲೆ ತಗ್ಗಿಸಿ ಔಷಧದ ಪೊಟ್ಟಣ ಹಿಡಿದು ಹೋದರು. ಒಂದು ತಿಂಗಳ ಬಳಿಕ, ಶ್ರಾವಣದ ಮೂರನೆಯ ರಾತ್ರಿ, ಅವರ ಮನೆಯವರು ನಮ್ಮ ಬಾಗಿಲು ಬಡಿದರು. ಆ ಮನುಷ್ಯ ಮೈಯೆಲ್ಲ ಬೆವರಿ ನಡುಗುತ್ತಿದ್ದರು. ಗೋಡೆಯ ಮೇಲೆ ಹಾವು ಹರಿಯುತ್ತಿವೆ ಎಂದು ಕೂಗುತ್ತಿದ್ದರು. ನಸುಕಿನಲ್ಲಿ ಒಮ್ಮೆ ಫಿಟ್ಸ್ ಕೂಡ ಬಂದಿತ್ತಂತೆ. ಗಾಳಿ ಸೋಕಿದೆಯೆಂದು ಸಂಜೆಯವರೆಗೆ ಅಂತ್ರ ಕಟ್ಟಿಸುವುದರಲ್ಲಿಯೇ ಕಳೆದಿದ್ದರು. ನಿಜವಾಗಿ ಎಷ್ಟು ಕುಡಿಯುತ್ತಿದ್ದರು ಎಂದು ಅವರ ಮಡದಿಯನ್ನು ಬೇರೆ ಕರೆದು ಕೇಳಿದಾಗ, "ಮುಂಜಾನೆ ಒಂದ ಕ್ವಾರ್ಟರ್, ಸಂಜಿಕೆ ಒಂದ. ಹನ್ನೆರಡ ವರ್ಷ ಆತ್ರೀ ಸಾಹೇಬ್ರ" ಎಂದರು. ವಾಹನ ಮಾಡಿಸಿ ವಿಜಯಪುರಕ್ಕೆ ಕಳುಹಿಸಿದೆವು. ಬದುಕಿದರು. ಆದರೆ ಅಂದು ಅವರು ನಮಗೆ ಸುಳ್ಳು ಹೇಳಿದ್ದೇಕೆ ಎಂಬ ಪ್ರಶ್ನೆಗೆ ಉತ್ತರ ನಮ್ಮ ನಾಲಗೆಯಲ್ಲಿಯೇ ಇತ್ತು.

ದೇಹವು ಮದ್ಯಕ್ಕೆ ಒಗ್ಗಿಕೊಂಡ ಮೇಲೆ ಅದನ್ನು ಒಮ್ಮೆಲೇ ನಿಲ್ಲಿಸಿದರೆ ಆರೆಂಟು ತಾಸಿನಲ್ಲಿ ಕೈನಡುಕ, ಬೆವರು, ವಾಕರಿಕೆ, ನಿದ್ರಾನಾಶ ತೋರುತ್ತವೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಬುದ್ಧಿಭ್ರಮೆಯಾಗಿ, ಜ್ವರ ಏರಿ, ಪ್ರಾಣವೇ ಹೋಗಬಹುದು. ದಿನನಿತ್ಯ ಹೆಚ್ಚು ಕುಡಿಯುವವರಿಗೆ, ಅದರಲ್ಲೂ ಮುಂಜಾನೆ ಎದ್ದೊಡನೆ ಬೇಕೆನಿಸುವವರಿಗೆ, ಈ ಅಪಾಯ ಉಂಟು. ಅಪರೂಪಕ್ಕೆ ಕುಡಿಯುವವರಿಗೆ ಸಾಮಾನ್ಯವಾಗಿ ಇಲ್ಲ. ಇದಕ್ಕೆ ಆಸ್ಪತ್ರೆಯಲ್ಲಿ ಒಳ್ಳೆಯ ಚಿಕಿತ್ಸೆ ಇದೆ. ಆಯುರ್ವೇದದವರಾದ ನಾವು ಈ ಹಂತದಲ್ಲಿ ಕಷಾಯ ಕೊಟ್ಟು ಕೂಡಿಸಿಕೊಳ್ಳುವುದು ತಪ್ಪು. "ಒಂದ ಸಲಾಯಿನ್ ಹಚ್ಚಿಬಿಡ್ರಿ" ಎಂದು ಒತ್ತಾಯಿಸುವವರಿಗೆ ಇನ್ನೊಂದು ಮಾತು: ಕುಡುಕರ ಶರೀರದಲ್ಲಿ ಥಯಾಮಿನ್ ಎಂಬ ಬಿ-1 ಜೀವಸತ್ವ ಬರಿದಾಗಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಹಾನಿಯಾಗುವ ಸಂಭವವಿದೆ.

ಚರಕಸಂಹಿತೆಯ ಚಿಕಿತ್ಸಾಸ್ಥಾನದ 24ನೆಯ ಅಧ್ಯಾಯವು ಮದಾತ್ಯಯಕ್ಕೇ ಮೀಸಲು. ಮದ್ಯದ ಹತ್ತು ಗುಣಗಳು ಓಜಸ್ಸಿನ ಹತ್ತು ಗುಣಗಳಿಗೆ ನೇರ ವಿರುದ್ಧವೆಂದು ಅಲ್ಲಿ ಹೇಳಿದೆ. ಮದ್ಯದ ಮೊದಲ ಗುಣಗಳಲ್ಲೊಂದು ಉಷ್ಣ. ಹೀಗಿರಲು "ಬಿಸಿಲಿಗೆ ಬೀರು ತಂಪು" ಎಂಬ ನಮ್ಮ ಕಡೆಯ ಮಾತು ಎಲ್ಲಿಂದ ಬಂತೋ ತಿಳಿಯದು. ಅದೇ ಅಧ್ಯಾಯದಲ್ಲಿ ಶ್ರಾವಣದ ವ್ರತಸ್ಥರು ಕೇಳಬೇಕಾದ ವಿಷಯವೂ ಇದೆ. ಕುಡಿತ ಬಿಟ್ಟಿದ್ದವನು ಮತ್ತೆ ಒಮ್ಮೆಲೇ ಅತಿಯಾಗಿ ಕುಡಿದರೆ ಧ್ವಂಸಕ, ವಿಕ್ಷಯ ಎಂಬ ಎರಡು ರೋಗಗಳು ಉಂಟಾಗುತ್ತವೆಂದೂ ಅವು ಗುಣಪಡಿಸಲು ಕಷ್ಟಕರವೆಂದೂ ಆಚಾರ್ಯರು ಎಚ್ಚರಿಸಿದ್ದಾರೆ. ಬೆನಕನ ಅಮಾವಾಸ್ಯೆಯ ಮರುದಿನ ತಿಂಗಳ ಬಾಕಿಯನ್ನೆಲ್ಲ ಒಂದೇ ರಾತ್ರಿ ತೀರಿಸುವವರನ್ನು ಕಂಡಾಗಲೆಲ್ಲ ನಮಗೆ ಇದು ನೆನಪಾಗುತ್ತದೆ.

ತಂಬಾಕಿನ ಮಾತು ಬೇರೆ. ಬೀಡಿ, ಸಿಗರೇಟು, ಗುಟ್ಕಾಗಳನ್ನು ಒಂದೇ ದಿನದಲ್ಲಿ ಬಿಟ್ಟರೆ ಸಿಡಿಮಿಡಿ, ತಲೆನೋವು, ಮಲಬದ್ಧತೆ ಕಾಡಬಹುದು, ಪ್ರಾಣಕ್ಕೆ ಅಪಾಯವಿಲ್ಲ. "ಬೀಡಿ ಸೇದದಿದ್ದರ ಹೊಟ್ಟಿ ಸಾಫ್ ಆಗೂದಿಲ್ರೀ" ಎನ್ನುವವರಿಗೆ ರಾತ್ರಿ ಬಿಸಿನೀರಿನಲ್ಲಿ ಒಂದು ಚಮಚ ತ್ರಿಫಲಾ ಚೂರ್ಣ ಸಾಕು. ಓದಿದವರು ಕೆಲವರು ಚರಕರೇ ಧೂಮಪಾನ ಹೇಳಿದ್ದಾರಲ್ಲ ಎಂದು ವಾದಿಸುವುದುಂಟು. ಹೇಳಿದ್ದಾರೆ, ಸೂತ್ರಸ್ಥಾನದ 5ನೆಯ ಅಧ್ಯಾಯದಲ್ಲಿ; ಅದು ಔಷಧದ್ರವ್ಯಗಳ ಬತ್ತಿಯ ಹೊಗೆ. ತಂಬಾಕು ಅಮೆರಿಕ ಖಂಡದ ಸಸ್ಯ, ಪೋರ್ಚುಗೀಸರೊಡನೆ ನಮ್ಮ ನಾಡಿಗೆ ಬಂದದ್ದು. ಚರಕರು ಅದನ್ನು ಕಂಡಿರಲೇ ಇಲ್ಲ. ಹೆಣ್ಣುಮಕ್ಕಳಲ್ಲಿ ಹಲ್ಲಿಗೆ ತಂಬಾಕಿನ ಪುಡಿ ತಿಕ್ಕುವ ರೂಢಿಯನ್ನು ವ್ಯಸನವೆಂದು ಯಾರೂ ಲೆಕ್ಕಿಸುವುದಿಲ್ಲ. ಬಾಯಿಯ ಕ್ಯಾನ್ಸರ್ ಆ ಭೇದ ಎಣಿಸುವುದಿಲ್ಲ. 2013ರಲ್ಲಿ ಗುಟ್ಕಾ ನಿಷೇಧವಾದ ಮೇಲೆ ಅಂಗಡಿಯವರು ಪಾನ್ ಮಸಾಲೆಯನ್ನೂ ತಂಬಾಕನ್ನೂ ಎರಡು ಚೀಟಿ ಮಾಡಿ ಮಾರಿದರು, ಕೊಂಡವರು ಅಂಗೈಯಲ್ಲಿ ಕೂಡಿಸಿಕೊಂಡರು. 2007ರ ಜುಲೈ 1ರಂದು ಸಾರಾಯಿ ನಿಂತಾಗಲೂ ಎಷ್ಟೋ ಜನ ಕುಡಿತ ಬಿಡಲಿಲ್ಲ, ಬಾಟಲಿ ಬದಲಿಸಿದರು.

ನಿಷೇಧದಿಂದ ಆಗದ್ದನ್ನು ನಮ್ಮ ಭಾಗದಲ್ಲಿ ಒಬ್ಬ ಪೂಜ್ಯರು ಭಿಕ್ಷೆಯಿಂದ ಮಾಡಿದರು. ಇಳಕಲ್ಲಿನ ಚಿತ್ತರಗಿ ವಿಜಯಮಹಾಂತೇಶ ಮಠದ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆ ಹಿಡಿದು ಕೇರಿ ಕೇರಿ ಸುತ್ತಿ, ನಿಮ್ಮ ದುಶ್ಚಟವನ್ನು ಇದರಲ್ಲಿ ಹಾಕಿರಿ ಎಂದು ಬೇಡಿದರು. 2018ರಲ್ಲಿ ಲಿಂಗೈಕ್ಯರಾಗುವವರೆಗೂ ಅವರ ಹೆಸರೆಂದರೆ ಜನರಿಗೆ ಆ ಜೋಳಿಗೆಯೇ. ಅವರು ಹುಟ್ಟಿದ ಆಗಸ್ಟ್ 1 ಇಂದು ರಾಜ್ಯದಲ್ಲಿ ವ್ಯಸನಮುಕ್ತ ದಿನ. ಗದರಿಸುವ ವೈದ್ಯರ ಮುಂದೆ ಕುಡಿಯುವವನು ಅಪರಾಧಿಯಾಗಿ ನಿಲ್ಲುತ್ತಾನೆ. ಬೇಡುವ ಗುರುಗಳ ಮುಂದೆ ಅವನೇ ದಾನಿ. ಬೀಡಿಯ ಕಟ್ಟು, ಗುಟ್ಕಾದ ಚೀಟಿ ಆ ಜೋಳಿಗೆಗೆ ಬಿದ್ದದ್ದು ಇದರಿಂದಲೇ ಎಂದು ನಮ್ಮ ಅನಿಸಿಕೆ. ನಾವು ಇದನ್ನು ಕಲಿತದ್ದು ತಡವಾಗಿ.

ಈಗ ನಾವು "ಕುಡಿಯುತ್ತೀರಾ" ಎಂದು ಕೇಳುವುದನ್ನು ಬಿಟ್ಟಿದ್ದೇವೆ. ಬಾಗಿಲು ಮುಂದೆ ಮಾಡಿ, "ದಿನಕ್ಕೆ ಎಷ್ಟು, ಮುಂಜಾನೆ ಬೇಕಾಗುತ್ತದೆಯೇ, ಕೊನೆಗೆ ಕುಡಿದದ್ದು ಯಾವಾಗ" ಎಂದಷ್ಟೇ ಕೇಳುತ್ತೇವೆ. ಉತ್ತರ ಹೆಚ್ಚಿನವರಿಂದ ನಿಜವಾಗಿಯೇ ಬರುತ್ತದೆ. ಮುಂಜಾನೆಯೇ ಬೇಕಾಗುವವರಿಗೆ ಮೊದಲು ಆಸ್ಪತ್ರೆ, ಬಳಿಕ ವ್ರತ ಎನ್ನುತ್ತೇವೆ. ಮಾತನಾಡಲು ಸಂಕೋಚಪಡುವವರಿಗೆ ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416ರ ಸಂಖ್ಯೆ ಬರೆದು ಕೊಡುತ್ತೇವೆ.

ಅಂದು ವಿಜಯಪುರಕ್ಕೆ ಹೋಗಿ ಬಂದ ಗೃಹಸ್ಥರು ನಡುವೆ ಎರಡು ಬಾರಿ ಜಾರಿದರು, ಮತ್ತೆ ಎದ್ದರು. ಹೋದ ತಿಂಗಳು ಬಂದು, ಹಸಿವೆ ಆಗುತ್ತಿಲ್ಲ, ನೆರೆಮನೆಯವರಿಗೆ ಕೊಟ್ಟಂಥ ದ್ರಾಕ್ಷಾರಿಷ್ಟ ತಮಗೂ ಬೇಕೆಂದರು. ಆಸವ, ಅರಿಷ್ಟಗಳು ಹುದುಗಿಸಿ ಮಾಡಿದ ಔಷಧಗಳು. ಅವುಗಳಲ್ಲಿ ತಾನಾಗಿ ಹುಟ್ಟಿದ ಮದ್ಯಾಂಶ ಇರುತ್ತದೆ. ಬಿಟ್ಟವರಿಗೆ ಆ ರುಚಿಯ ನೆನಪೂ ಬೇಡ. ಕಾರಣ ತಿಳಿಸಿ, ಊಟದ ಮೊದಲ ತುತ್ತಿಗೆ ತುಪ್ಪದೊಡನೆ ಕಲಸಿ ಉಣ್ಣಲು ಹಿಂಗ್ವಾಷ್ಟಕ ಚೂರ್ಣ ಕಟ್ಟಿಕೊಟ್ಟೆವು. "ಹಂಗಾರ ಆ ಬಾಟಲಿ ಮನ್ಯಾಗ ಇಡಬ್ಯಾಡ ಅಂತ ನಮ್ಮಾಕಿಗೂ ಹೇಳ್ತೀನ್ರೀ" ಎಂದು ಎದ್ದು ಹೋದರು.