ಒಂದು ಎಳೆ, ಒಂದು ಕೊಕ್ಕೆ

ನೂಲನ್ನು ವಸ್ತ್ರವಾಗಿಸುವ ಕಲೆಯನ್ನು ಮಾನವನು ಬಹು ಹಿಂದೆಯೇ ಸಾಧಿಸಿದನು. ಈ ಕಾರ್ಯಕ್ಕೆ ಆತನು ಕಂಡುಕೊಂಡ ಮಾರ್ಗಗಳು ಹಲವು. ಮಗ್ಗದಲ್ಲಿ ಹಾಸು ಮತ್ತು ಹೊಕ್ಕುಗಳೆಂಬ ಎರಡು ಬಗೆಯ ಎಳೆಗಳು ಒಂದನ್ನೊಂದು ಹಾಯ್ದು ಬಟ್ಟೆಯಾಗುತ್ತವೆ. ಉಣ್ಣೆಯ ಹೆಣಿಗೆಯಲ್ಲಿ ಎರಡು ಕಡ್ಡಿಗಳ ಮೇಲೆ ನೂರಾರು ಕುಣಿಕೆಗಳು ಸಾಲಾಗಿ ನಿಂತು ತಮ್ಮ ಸರದಿಗಾಗಿ ಕಾಯುತ್ತವೆ. ಧಾರವಾಡದ ಕಸೂತಿಗೆ ಮೊದಲೇ ನೆಯ್ದ ಬಟ್ಟೆಯೊಂದು ಆಧಾರವಾಗಿ ಬೇಕು. ಅದರ ಎಳೆಗಳನ್ನು ಎಣಿಸಿಯೇ ಗವಂತಿ, ಮುರ್ಗಿ ಮೊದಲಾದ ಹೊಲಿಗೆಗಳನ್ನು ಹಾಕಬೇಕು. ಇವೆಲ್ಲಕ್ಕಿಂತ ಸರಳವಾದ ಸಾಧನದಿಂದ ಸಾಗುವ ಇನ್ನೊಂದು ಕಲೆಯುಂಟು. ಅದಕ್ಕೆ ಮಗ್ಗ ಬೇಡ, ಆಧಾರದ ಬಟ್ಟೆ ಬೇಡ, ಎರಡನೆಯ ಕಡ್ಡಿಯೂ ಬೇಡ. ತುದಿಯಲ್ಲಿ ಕೊಕ್ಕೆಯಿರುವ ಒಂದು ಸೂಜಿ, ಒಂದು ಉಂಡೆ ದಾರ, ಎರಡು ಕೈಗಳು, ಇಷ್ಟಿದ್ದರೆ ಸಾಕು. ಅದೇ ಕ್ರೋಷೆ. ನಮ್ಮ ಮನೆಗಳಲ್ಲಿ ಇದನ್ನು ‘ಕ್ರೋಶಾ’ ಎಂದೂ ಕರೆಯುವುದುಂಟು.

ಕ್ರೋಷೆ ಎಂಬುದು ಫ್ರೆಂಚ್ ಭಾಷೆಯ ಪದ. ‘ಚಿಕ್ಕ ಕೊಕ್ಕೆ’ ಎಂಬುದೇ ಅದರ ಅರ್ಥ. ಈ ಕಲೆಯ ಮಾದರಿಗಳು ಮೊತ್ತಮೊದಲು ಅಚ್ಚಾದದ್ದು 1823ರಲ್ಲಿ, ಹಾಲೆಂಡಿನ ‘ಪೆನೆಲೊಪೆ’ ಎಂಬ ಪತ್ರಿಕೆಯಲ್ಲಿ ಎಂದು ಹೇಳುತ್ತಾರೆ. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆಯ ಬೆಳೆಗೆ ರೋಗ ತಗಲಿ ಘೋರ ಕ್ಷಾಮವುಂಟಾದಾಗ, ಅಲ್ಲಿಯ ಅನೇಕ ಬಡ ಕುಟುಂಬಗಳು ಕ್ರೋಷೆಯ ಜಾಲರಿಗಳನ್ನು ಹೆಣೆದು ಮಾರಿ ಜೀವ ಹಿಡಿದುಕೊಂಡವು. ಹೀಗೆ ಶ್ರೀಮಂತರ ಉಡುಪಿನ ಅಂಚನ್ನು ಅಲಂಕರಿಸಿದ ಕುಸುರಿಯ ಹಿಂದೆ ಹಸಿದವರ ಬೆರಳುಗಳ ಶ್ರಮವಿದ್ದಿತು. ಈ ಮಾತನ್ನು ಮುಂದೆ ಮತ್ತೆ ನೆನೆಯಬೇಕಾಗುತ್ತದೆ.

ಮಿಷನರಿಗಳ ಶಾಲೆಗಳಿಂದಲೂ ಹೊಲಿಗೆಯ ತರಗತಿಗಳಿಂದಲೂ ಹೊರಟ ಈ ವಿದ್ಯೆ ಕ್ರಮೇಣ ನಮ್ಮ ಹಳ್ಳಿಗಳನ್ನೂ ಸೇರಿತು. ಕಡೂರು–ಅಜ್ಜಂಪುರ ಸೀಮೆಯ ಚೌಳಹಿರಿಯೂರಿನಂತಹ ಊರುಗಳು ಮಳೆಯನ್ನು ನಂಬಿದ ಬಯಲು ಭೂಮಿಯವು. ಬಿತ್ತನೆ ಕಳೆಗಳು ಮುಗಿದು ಕೊಯ್ಲು ಬರುವವರೆಗೆ, ಹಗಲಿನ ಕೆಲಸದ ನಡುವೆ ಜಗುಲಿಯಲ್ಲಿ ಕುಳಿತಾಗ, ಕೈಗೊಂದು ಕೆಲಸ ಬೇಕೆನಿಸುವುದು ಸಹಜ. ಬಾಗಿಲಿನ ತೋರಣ, ರೇಡಿಯೋದ ಮೇಲಿನ ಹೊದಿಕೆ, ನೀರಿನ ಹೂಜಿಯ ಮುಚ್ಚಳದ ಬಟ್ಟೆ, ಕೂಸಿನ ಕುಲಾವಿ, ಇವು ಹಾಗೆ ಹುಟ್ಟಿದ ವಸ್ತುಗಳು. ಕಲಿತವಳೊಬ್ಬಳಿದ್ದರೆ ಕೇರಿಗೆಲ್ಲ ಅವಳೇ ಗುರುವಾಗುತ್ತಿದ್ದಳು. ಈ ಕಲೆ ಹೆಂಗಸರಿಗೆ ಮಾತ್ರವೆಂಬ ಭಾವನೆಗೆ ಆಧಾರವಿಲ್ಲ. ಮಗ್ಗದ ಮುಂದೆ ಕುಳಿತ ಜೇಡರ ದಾಸಿಮಯ್ಯನ ನಾಡಿನಲ್ಲಿ, ದಾರ ಹಿಡಿಯಲು ಹುಡುಗರು ನಾಚಬೇಕಾದ ಕಾರಣವೇನೂ ಇಲ್ಲ.

ಕಲಿಯಬಯಸುವವರು ಮೊದಲು ತಿಳಿಯಬೇಕಾದದ್ದು ದಾರದ ವಿಷಯವನ್ನು. ದಾರದ ಉಂಡೆಗಳ ಮೇಲೆ 10, 20, 40, 60, 80 ಎಂಬಂತೆ ಸಂಖ್ಯೆಗಳಿರುತ್ತವೆ. ಸಂಖ್ಯೆ ಹೆಚ್ಚಿದಷ್ಟೂ ದಾರ ದಪ್ಪವೆಂದು ಹೊಸಬರು ಭಾವಿಸುವುದುಂಟು. ವಸ್ತುಸ್ಥಿತಿ ಇದಕ್ಕೆ ವಿರುದ್ಧ. ಸಂಖ್ಯೆ ಹೆಚ್ಚಿದಷ್ಟೂ ದಾರ ತೆಳು. ಇದಕ್ಕೆ ಕಾರಣ ನೂಲಿನ ಹಳೆಯ ಅಳತೆಯ ಕ್ರಮದಲ್ಲಿದೆ. ಹತ್ತಿಯ ನೂಲನ್ನು 840 ಗಜಗಳ ಲಡಿಗಳಾಗಿ ಸುತ್ತಿ, ಇಂತಹ ಎಷ್ಟು ಲಡಿಗಳು ಸೇರಿದರೆ ಒಂದು ಪೌಂಡು ತೂಗುತ್ತವೆ ಎಂಬುದನ್ನು ಲೆಕ್ಕಹಾಕುತ್ತಿದ್ದರು. ನೂಲು ತೆಳುವಾದಷ್ಟೂ ಹೆಚ್ಚು ಲಡಿಗಳು ಬೇಕಾಗುವುದರಿಂದ ಸಂಖ್ಯೆ ಏರುತ್ತದೆ. ಕ್ರೋಷೆ ದಾರದ ಸಂಖ್ಯೆಗಳು ಈ ಲೆಕ್ಕಕ್ಕೆ ಚಾಚೂತಪ್ಪದೆ ಹೊಂದುವುದಿಲ್ಲ. ತಯಾರಕರಿಂದ ತಯಾರಕರಿಗೆ ತುಸು ವ್ಯತ್ಯಾಸವಿರುತ್ತದೆ. ಆದರೆ ಏರುವ ಸಂಖ್ಯೆ, ಇಳಿಯುವ ಗಾತ್ರ ಎಂಬ ತತ್ತ್ವ ಮಾತ್ರ ಒಂದೇ.

ಒಳ್ಳೆಯ ಕ್ರೋಷೆ ದಾರದ ಹೊಳಪು ಕಣ್ಸೆಳೆಯುವಂತಹುದು. ಇದು ಮರ್ಸರೀಕರಣವೆಂಬ ಸಂಸ್ಕಾರದ ಫಲ. ಇಂಗ್ಲೆಂಡಿನ ಜಾನ್ ಮರ್ಸರ್ ಎಂಬಾತನು 1844ರಲ್ಲಿ ಹತ್ತಿಯನ್ನು ಪ್ರಬಲವಾದ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಅದ್ದಿ ಪ್ರಯೋಗ ನಡೆಸಿದನು. ಚಪ್ಪಟೆಯಾಗಿ ತಿರುಚಿಕೊಂಡಿರುವ ಹತ್ತಿಯ ಎಳೆ ಆಗ ಉಬ್ಬಿ ದುಂಡಾಗುತ್ತದೆ. ಅದರ ಬಲವೂ ಬಣ್ಣವನ್ನು ಹೀರುವ ಶಕ್ತಿಯೂ ಹೆಚ್ಚುತ್ತವೆ. ದ್ರಾವಣದಲ್ಲಿರುವಾಗ ನೂಲನ್ನು ಎಳೆದು ಬಿಗಿಯಾಗಿ ಹಿಡಿದರೆ ರೇಷ್ಮೆಯಂತಹ ಹೊಳಪು ಬರುತ್ತದೆಂಬುದನ್ನು 1890ರ ಸುಮಾರಿಗೆ ಹೊರೇಸ್ ಲೋ ಎಂಬಾತನು ತೋರಿಸಿಕೊಟ್ಟನು. ದಾರ ಕೊಳ್ಳುವಾಗ ಈ ಸಂಸ್ಕಾರ ಹೊಂದಿದ, ಬಿಗಿಯಾಗಿ ಹುರಿಗೊಂಡ ಹತ್ತಿಯ ದಾರವನ್ನೇ ಆರಿಸಬೇಕು. ಕಸೂತಿಯ ಆರೆಳೆಯ ದಾರ ಸಡಿಲವಾದುದರಿಂದ ಕೊಕ್ಕೆ ಅದರ ಎಳೆಗಳ ನಡುವೆ ತೂರಿ ಸೀಳುತ್ತದೆ. ಹೊಲಿಗೆಯ ದಾರವಾದರೋ ಕಲಿಯುವವರಿಗೆ ಅತಿ ತೆಳುವಾಗುತ್ತದೆ.

ಆರಂಭಕ್ಕೆ 10ನೆಯ ಸಂಖ್ಯೆಯ ದಾರ ಉತ್ತಮ. ಬಿಳಿ ಅಥವಾ ತಿಳಿಬಣ್ಣದ್ದಾದರೆ ಕುಣಿಕೆಗಳು ಸ್ಪಷ್ಟವಾಗಿ ಕಾಣುತ್ತವೆ. ಕಪ್ಪು ದಾರದಲ್ಲಿ ಪಳಗಿದ ಕಣ್ಣೂ ಎಡವುತ್ತದೆ. ಕೈ ಕುದುರಿದ ಮೇಲೆ 20ಕ್ಕೆ ಹೋಗಬಹುದು. 40, 60, 80ರ ದಾರಗಳು ಕರವಸ್ತ್ರದ ಅಂಚಿನಂತಹ ನವುರಾದ ಕೆಲಸಕ್ಕೆ ಸಲ್ಲುತ್ತವೆ. ಒಂದು ವಸ್ತುವಿಗೆ ಬೇಕಾದ ದಾರವನ್ನೆಲ್ಲ ಒಮ್ಮೆಗೇ ಕೊಳ್ಳುವುದು ಲೇಸು. ಏಕೆಂದರೆ ಒಂದೇ ಬಣ್ಣವೆಂದು ತೋರಿದರೂ ಬೇರೆ ಬೇರೆ ಸಲ ಅದ್ದಿದ ದಾರಗಳಲ್ಲಿ ಛಾಯೆಯ ಅಂತರವಿರುತ್ತದೆ. ಹೆಣೆದಾದ ಮೇಲೆ ಅದು ಪಟ್ಟೆಯಾಗಿ ಎದ್ದು ಕಾಣುತ್ತದೆ. ಬಣ್ಣದ ದಾರವಾದರೆ ಒಂದು ತುಂಡನ್ನು ಒದ್ದೆಮಾಡಿ ಬಿಳಿಯ ಬಟ್ಟೆಯಲ್ಲಿ ಒತ್ತಿ, ಬಣ್ಣ ಬಿಡುವುದೋ ಇಲ್ಲವೋ ಎಂದು ಮೊದಲೇ ಪರೀಕ್ಷಿಸಬೇಕು.

ದಾರಕ್ಕೆ ತಕ್ಕ ಕೊಕ್ಕೆ ಬೇಕು. ಉಣ್ಣೆಗೆ ಬಳಸುವ ಅಲ್ಯೂಮಿನಿಯಂ ಅಥವಾ ಪ್ಲಾಸ್ಟಿಕ್ ಕೊಕ್ಕೆ ದಪ್ಪ. ದಾರಕ್ಕೆ ಉಕ್ಕಿನದೇ ಆಗಬೇಕು. 10ನೆಯ ದಾರಕ್ಕೆ ಸುಮಾರು 1.5 ಮಿಲಿಮೀಟರು, 20ಕ್ಕೆ 1.25, 40ಕ್ಕೆ 1 ಮಿಲಿಮೀಟರು ಗಾತ್ರದ ಕೊಕ್ಕೆ ಸರಿಹೋಗುತ್ತದೆ. ಕೊಕ್ಕೆಯ ತುದಿ ನಯವಾಗಿರಬೇಕು. ಒರಟಾಗಿದ್ದರೆ ದಾರ ಹಿಂಜುತ್ತದೆ.

ಈ ಕಲೆಯ ಅಕ್ಷರಮಾಲೆ ಬಹಳ ಚಿಕ್ಕದು. ಜಾರುಗಂಟೊಂದನ್ನು ಕೊಕ್ಕೆಗೆ ಏರಿಸಿ, ದಾರವನ್ನು ಕೊಕ್ಕೆಗೆ ಸುತ್ತಿ ಕುಣಿಕೆಯ ಮೂಲಕ ಎಳೆದರೆ ಒಂದು ಸರಪಳಿಯ ಕೊಂಡಿಯಾಯಿತು. ಸರಪಳಿಯೇ ಎಲ್ಲಕ್ಕೂ ತಳಹದಿ. ಕೊಕ್ಕೆಯನ್ನು ಕೊಂಡಿಯೊಂದರೊಳಗೆ ತೂರಿಸಿ ದಾರವನ್ನೆಳೆದರೆ ಕೊಕ್ಕೆಯ ಮೇಲೆ ಎರಡು ಕುಣಿಕೆಗಳಾಗುತ್ತವೆ. ಮತ್ತೊಮ್ಮೆ ದಾರ ಸುತ್ತಿ ಎರಡರಿಂದಲೂ ಎಳೆದರೆ ಗಿಡ್ಡ ಹೆಣಿಗೆ. ತೂರಿಸುವ ಮೊದಲೇ ಒಮ್ಮೆ ದಾರ ಸುತ್ತಿಕೊಂಡರೆ ಮೂರು ಕುಣಿಕೆಗಳಾಗುತ್ತವೆ; ಅವುಗಳನ್ನು ಎರಡೆರಡಾಗಿ ಎರಡು ಸಲ ಬಿಡಿಸಿದರೆ ಉದ್ದ ಹೆಣಿಗೆ. ಈ ಮೂರನ್ನು ಬಲ್ಲವನು ಬಹುಪಾಲು ಮಾದರಿಗಳನ್ನು ಹೆಣೆಯಬಲ್ಲನು. ಮೊದಲ ಅಭ್ಯಾಸವಾಗಿ 21 ಕೊಂಡಿಗಳ ಸರಪಳಿ ಹಾಕಿ, ಕೊಕ್ಕೆಯಿಂದ ಎರಡನೆಯ ಕೊಂಡಿಯಲ್ಲಿ ಆರಂಭಿಸಿ 20 ಗಿಡ್ಡ ಹೆಣಿಗೆಗಳನ್ನು ಹಾಕಬೇಕು. ಸಾಲಿನ ಕೊನೆಯಲ್ಲಿ ಒಂದು ಕೊಂಡಿ ಏರಿಸಿ, ತುಂಡನ್ನು ತಿರುಗಿಸಿ, ಮತ್ತೆ 20 ಹಾಕಬೇಕು. ಪ್ರತಿ ಸಾಲನ್ನೂ ಎಣಿಸತಕ್ಕದ್ದು. ಎಣಿಕೆಯನ್ನು ಬಿಟ್ಟವನ ಚೌಕ ಕೆಲವೇ ಸಾಲುಗಳಲ್ಲಿ ತ್ರಿಕೋನವಾಗಿ ಬಿಡುತ್ತದೆ. ತಪ್ಪಿದರೆ ಧೈರ್ಯಗೆಡಬೇಕಾಗಿಲ್ಲ. ಕ್ರೋಷೆಯಲ್ಲಿ ಒಂದು ಕ್ಷಣಕ್ಕೆ ತೆರೆದಿರುವುದು ಒಂದೇ ಕುಣಿಕೆ. ಅದನ್ನು ಎಳೆದರೆ ತಪ್ಪಿದ ಸ್ಥಳದವರೆಗೆ ಮಾತ್ರ ಬಿಚ್ಚಿ, ಅಲ್ಲಿಂದ ಮತ್ತೆ ಮುಂದುವರಿಯಬಹುದು. ಅಷ್ಟು ಹೊತ್ತಿನ ಶ್ರಮ ಹೋದರೂ ದಾರ ನಷ್ಟವಾಗುವುದಿಲ್ಲ.

ಮಾದರಿಯನ್ನು ಆರಿಸುವಾಗ ಎರಡು ಸಂಗತಿಗಳಲ್ಲಿ ಎಚ್ಚರವಿರಬೇಕು. ಮೊದಲನೆಯದು ಪರಿಭಾಷೆ. ಅಮೆರಿಕದ ಪುಸ್ತಕಗಳು ‘ಸಿಂಗಲ್ ಕ್ರೋಷೆ’ ಎನ್ನುವ ಗಿಡ್ಡ ಹೆಣಿಗೆಯನ್ನೇ ಬ್ರಿಟನ್ನಿನ ಪುಸ್ತಕಗಳು ‘ಡಬಲ್ ಕ್ರೋಷೆ’ ಎನ್ನುತ್ತವೆ. ಅಮೆರಿಕದವರ ‘ಡಬಲ್ ಕ್ರೋಷೆ’ಯಾದರೋ ನಮ್ಮ ಉದ್ದ ಹೆಣಿಗೆ. ಎರಡೂ ಬಗೆಯ ಪುಸ್ತಕಗಳು ನಮ್ಮಲ್ಲಿ ಬಳಕೆಯಲ್ಲಿರುವುದರಿಂದ ಗೊಂದಲ ಸಹಜ. ‘ಸಿಂಗಲ್ ಕ್ರೋಷೆ’ ಎಂಬ ಪದ ಕಂಡಲ್ಲಿ ಅದು ಅಮೆರಿಕದ ಪದ್ಧತಿಯೆಂದು ತಿಳಿಯಬಹುದು. ಎರಡನೆಯದು ಕೈಯ ಬಿಗಿ. ಮಾದರಿಯಲ್ಲಿ 10 ಸೆಂಟಿಮೀಟರಿಗೆ 32 ಹೆಣಿಗೆಗಳೆಂದಿರಲಿ. ಬಿಗಿಗೈಯವರು ಅದೇ ಅಗಲದಲ್ಲಿ 36 ಹೆಣಿಗೆಗಳನ್ನು ಹಾಕಿದರೆ, 100 ಸೆಂಟಿಮೀಟರು ಆಗಬೇಕಾದ ವಸ್ತ್ರ ಸುಮಾರು 89 ಸೆಂಟಿಮೀಟರಿಗೇ ಮುಗಿದುಹೋಗುತ್ತದೆ. ಆದುದರಿಂದ ಮೊದಲು ಅಂಗೈಯಗಲದ ತುಂಡೊಂದನ್ನು ಹೆಣೆದು ಅಳೆದು, ಬೇಕಾದರೆ ಕೊಕ್ಕೆಯ ಗಾತ್ರವನ್ನು ಬದಲಿಸಬೇಕು.

ಹೊಸಬರಿಗೆ ಚೌಕಜಾಲದ ಮಾದರಿಗಳು ಸುಲಭ. ಇದರಲ್ಲಿ ಬಟ್ಟೆಯೆಲ್ಲ ಸಣ್ಣ ಸಣ್ಣ ಮನೆಗಳಾಗಿರುತ್ತದೆ. ಕೆಲವು ಮನೆ ಖಾಲಿ, ಕೆಲವು ತುಂಬಿದವು. ತುಂಬಿದ ಮನೆಗಳೇ ಸೇರಿ ಚಿತ್ರವಾಗುತ್ತವೆ. ಒಂದು ಮನೆಗೆ 3 ಹೆಣಿಗೆಗಳಂತೆ, ಕೊನೆಯ ಕಂಬಕ್ಕೆ 1 ಸೇರಿಸಿದರೆ ಸಾಲಿನ ಲೆಕ್ಕ ಸಿಗುತ್ತದೆ. 10 ಮನೆಗಳಿಗೆ 31, 25 ಮನೆಗಳಿಗೆ 76. ಗಣಿತದ ಚೌಕಳಿ ಹಾಳೆಯೊಂದಿದ್ದರೆ ಮಾದರಿಗಾಗಿ ಬೇರೆಡೆ ಹುಡುಕಬೇಕಾಗಿಲ್ಲ. ಅಂಗಳದ ಚುಕ್ಕಿ ರಂಗೋಲಿ, ಕಸೂತಿಯ ಗೋಪುರ, ಆನೆ, ತುಳಸೀಕಟ್ಟೆಗಳು, ಬೇಲೂರಿನ ಚೆನ್ನಕೇಶವ ದೇವಾಲಯದ ಜಾಲಂಧ್ರಗಳು, ಇವೆಲ್ಲವನ್ನೂ ಮನೆಗಳಾಗಿ ಬಿಡಿಸಿಕೊಳ್ಳಬಹುದು. ಕಲ್ಲಿನಲ್ಲಿ ರಂಧ್ರವನ್ನೇ ಅಲಂಕಾರವಾಗಿಸಿದ ಶಿಲ್ಪಿಯ ಮರ್ಮವನ್ನು ದಾರ ಹಿಡಿದವರು ಬೇಗನೆ ಗ್ರಹಿಸುತ್ತಾರೆ. ತುಂಬಿದ್ದು ಎಷ್ಟು ಮುಖ್ಯವೋ ಬಿಟ್ಟದ್ದೂ ಅಷ್ಟೇ ಮುಖ್ಯ.

ಅನಂತರ ವೃತ್ತದ ಸರದಿ. ಉದ್ದ ಹೆಣಿಗೆಯ ವೃತ್ತವನ್ನು 12ರಿಂದ ಆರಂಭಿಸಿ, ಸುತ್ತಿಗೆ 12ರಂತೆ 24, 36, 48 ಎಂದು ಹೆಚ್ಚಿಸುತ್ತ ಹೋಗಬೇಕು. ಗಿಡ್ಡ ಹೆಣಿಗೆಯದಾದರೆ ಸುತ್ತಿಗೆ 6 ಸಾಕು. ಇದು ಅಜ್ಜಿಯಂದಿರು ಅನುಭವದಿಂದ ಹೇಳುವ ನಿಯಮ, ಕಾರಣ ರೇಖಾಗಣಿತದಲ್ಲಿದೆ. ತ್ರಿಜ್ಯ ಒಂದು ಅಳತೆ ಬೆಳೆದರೆ ಪರಿಧಿ ಅದರ 6.28ರಷ್ಟು ಬೆಳೆಯುತ್ತದೆ. ಗಿಡ್ಡ ಹೆಣಿಗೆಯ ಎತ್ತರ ಅಗಲಗಳು ಬಹುಮಟ್ಟಿಗೆ ಸಮವಾದುದರಿಂದ ಸುತ್ತಿಗೆ ಸುಮಾರು 6 ಹೆಣಿಗೆಗಳ ಜಾಗ ಹೆಚ್ಚುತ್ತದೆ. ಅದರ ಇಮ್ಮಡಿ ಎತ್ತರದ ಉದ್ದ ಹೆಣಿಗೆಗೆ 12. ಇದಕ್ಕಿಂತ ಕಡಿಮೆ ಹೆಚ್ಚಿಸಿದರೆ ತುಂಡು ಬಟ್ಟಲಿನಂತೆ ಮಡಿಚಿಕೊಳ್ಳುತ್ತದೆ; ಕುಲಾವಿಯನ್ನು ಹೆಣೆಯುವುದು ಹೀಗೆಯೇ. ಹೆಚ್ಚಾದರೆ ಅಂಚು ಕೋಸಿನ ಎಲೆಯಂತೆ ಅಲೆಯಲೆಯಾಗುತ್ತದೆ. ಈ ಅಲೆಯಂಚನ್ನು ಕಂಡು ನಾವು ಕೈತಪ್ಪೆನ್ನುತ್ತೇವೆ. ಆದರೆ 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಡೈನಾ ಟೈಮಿನಾ ಎಂಬ ಗಣಿತಜ್ಞೆ, ಯೂಕ್ಲಿಡನ ನಿಯಮಗಳನ್ನು ಮೀರಿದ ಅತಿಪರವಲಯ ಜ್ಯಾಮಿತಿಯ ಮೇಲ್ಮೈಯನ್ನು ವಿದ್ಯಾರ್ಥಿಗಳಿಗೆ ಕೈಗೆ ಸಿಗುವಂತೆ ತೋರಿಸಲು ಕ್ರೋಷೆಯನ್ನೇ ಬಳಸಿದಳು. ಸಮಪ್ರಮಾಣದಲ್ಲಿ ಹೆಣಿಗೆಗಳನ್ನು ಹೆಚ್ಚಿಸುತ್ತ ಹೋದಾಗ, ಕಾಗದದ ಮಾದರಿಗಳಿಗಿಂತ ಗಟ್ಟಿಯಾದ, ಮಡಿಚಿ ನೋಡಬಹುದಾದ ಮೇಲ್ಮೈ ದೊರೆಯಿತು. ಅಡುಗೆಮನೆಯ ಪಕ್ಕದ ವಿದ್ಯೆ ವಿಶ್ವವಿದ್ಯಾನಿಲಯದ ಪಾಠೋಪಕರಣವಾಯಿತು.

ಹೆಣೆದು ಮುಗಿದ ವಸ್ತು ಮೊದಲು ಮುದುರಿಕೊಂಡೇ ಇರುತ್ತದೆ. ಅದನ್ನು ಹಿಂಡದೆ ಮೃದುವಾಗಿ ಒಗೆದು, ತೆಳುವಾದ ಅಕ್ಕಿಯ ಗಂಜಿಯಲ್ಲಿ ಅದ್ದಿ, ಹಲಗೆಯ ಮೇಲೆ ಹರಡಿ, ತುಕ್ಕು ಹಿಡಿಯದ ಗುಂಡುಸೂಜಿಗಳಿಂದ ಮೂಲೆಗಳನ್ನು ಎಳೆದು ಚುಚ್ಚಿ ನೆರಳಿನಲ್ಲಿ ಒಣಗಿಸಬೇಕು. ಮರುದಿನ ಸೂಜಿಗಳನ್ನು ತೆಗೆದಾಗ ಮಾದರಿಯ ನಿಜವಾದ ರೂಪ ಕಾಣುತ್ತದೆ.

ಇನ್ನು ಮೌಲ್ಯದ ಮಾತು. ನೇಯ್ಗೆಯನ್ನು ಯಂತ್ರ ಮಾಡುತ್ತದೆ, ಹೆಣಿಗೆಯನ್ನೂ ಮಾಡುತ್ತದೆ. ಆದರೆ ನಿಜವಾದ ಕ್ರೋಷೆಯನ್ನು ಹೆಣೆಯುವ ಯಂತ್ರ ಕಾರ್ಖಾನೆಗಳಿಗೆ ಇನ್ನೂ ಬಂದಿಲ್ಲ. ಯಂತ್ರದಿಂದ ಬರುವುದು ಅದರ ತೋರಿಕೆಯ ಅನುಕರಣೆ ಮಾತ್ರ. ಅಂದಮೇಲೆ ಪೇಟೆಯಲ್ಲಿ ಅಗ್ಗವಾಗಿ ದೊರೆಯುವ ನಿಜವಾದ ಕ್ರೋಷೆಯ ಪ್ರತಿಯೊಂದು ಕುಣಿಕೆಯನ್ನೂ ಯಾರದೋ ಬೆರಳು ಎಳೆದಿರಲೇಬೇಕು. ನೆರೆಯ ಆಂಧ್ರಪ್ರದೇಶದ ನರಸಾಪುರ ಈ ಕಲೆಗೆ ಹೆಸರಾದ ಊರು. ಹತ್ತೊಂಬತ್ತನೆಯ ಶತಮಾನದಲ್ಲಿ ಮಿಷನರಿಗಳ ಮೂಲಕ ಗೋದಾವರಿಯ ತೀರಕ್ಕೆ ಬಂದ ಜಾಲರಿಯ ಕೆಲಸ ಅಲ್ಲಿ ರಫ್ತಿನ ಉದ್ಯಮವಾಗಿ ಬೆಳೆಯಿತು. ಮಾರಿಯಾ ಮೀಸ್ ಎಂಬ ಜರ್ಮನ್ ಸಮಾಜಶಾಸ್ತ್ರಜ್ಞೆ ಅಲ್ಲಿ ಅಧ್ಯಯನ ನಡೆಸಿ 1982ರಲ್ಲಿ ಪ್ರಕಟಿಸಿದ ಗ್ರಂಥ ಒಂದು ಕಹಿಸತ್ಯವನ್ನು ಹೊರಗೆಡಹಿತು. ಮನೆಗೆಲಸದ ಜೊತೆಗೆ ದಿನಕ್ಕೆ ಹಲವು ಗಂಟೆಗಳ ಕಾಲ ಹೆಣೆಯುತ್ತಿದ್ದ ಆ ಮಹಿಳೆಯರು ಗಳಿಸುತ್ತಿದ್ದುದು ಅತ್ಯಲ್ಪ, ಲಾಭವೆಲ್ಲ ವರ್ತಕರದು. ಅದಕ್ಕೆ ಕೊಡುತ್ತಿದ್ದ ಸಮರ್ಥನೆ ಒಂದೇ: ಇದು ಗೃಹಿಣಿಯರು ಬಿಡುವಿನ ವೇಳೆಯಲ್ಲಿ ಮಾಡುವ ಕೆಲಸ. ನರಸಾಪುರದ ಕ್ರೋಷೆ ಜಾಲರಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಊರಿನ ಹೆಸರಿಗೆ ರಕ್ಷಣೆ ಸಿಕ್ಕಿತು. ಕೈಗಳಿಗೆ ನ್ಯಾಯವಾದ ಕೂಲಿ ಸಿಗುವುದು ಕೊಳ್ಳುವವರ ಮತ್ತು ಮಾರುವವರ ವಿವೇಕವನ್ನು ಅವಲಂಬಿಸಿದೆ.

ಒಂದು ಮೇಜುವಸ್ತ್ರಕ್ಕೆ 60 ಗಂಟೆಗಳು ಹಿಡಿಯಿತೆಂದು ಭಾವಿಸೋಣ. ದಾರದ ಬೆಲೆಗೆ ನೂರು ರೂಪಾಯಿ ಸೇರಿಸಿ ಅದನ್ನು ಮಾರಿದರೆ, ಹೆಣೆದವಳಿಗೆ ಗಂಟೆಗೆ ಎರಡು ರೂಪಾಯಿಯೂ ದಕ್ಕಲಿಲ್ಲ. ಮಾರಲು ಹೆಣೆಯುವವರು ಹೆಣಿಗೆಗಳನ್ನು ಎಣಿಸುವಂತೆ ಗಂಟೆಗಳನ್ನೂ ಎಣಿಸುವುದನ್ನು ಕಲಿಯಬೇಕು. ಪ್ರೀತಿಯಿಂದ ಕೊಡುವ ವಸ್ತುವಿಗೆ ಬೆಲೆ ಕಟ್ಟಬೇಕಾಗಿಲ್ಲ. ಆದರೆ ಕೊಳ್ಳುವವರೆದುರು ನಮ್ಮ ಶ್ರಮವನ್ನು ನಾವೇ ‘ಬಿಡುವಿನ ಕೆಲಸ’ವೆಂದು ಹಗುರಮಾಡಿಕೊಳ್ಳಬಾರದು.

ಕೈ ಕೆಸರಾದರೆ ಬಾಯಿ ಮೊಸರೆಂಬ ಗಾದೆ ಹೊಲದ ದುಡಿಮೆಗೆ ಮಾತ್ರವಲ್ಲ, ದಾರದ ದುಡಿಮೆಗೂ ಅನ್ವಯಿಸಬೇಕು. ಮನೆಯ ಹಳೆಯ ಪೆಟ್ಟಿಗೆಯಲ್ಲಿ ಹಳದಿಯಾದ ಕ್ರೋಷೆಯ ತೋರಣವೊಂದಿದ್ದರೆ ಅದನ್ನು ಹೊರತೆಗೆದು ಬೆಳಕಿಗೆ ಹಿಡಿದು ನೋಡಿರಿ. ಒಂದು ಸಾಲಿನ ಕುಣಿಕೆಗಳನ್ನು ಎಣಿಸಿ, ಸಾಲುಗಳಿಂದ ಗುಣಿಸಿರಿ. ಹೆಸರು ಬರೆಯದೆ ಹೋದ ಒಬ್ಬಳ ದಿನಗಳ ಲೆಕ್ಕ ಅಲ್ಲಿ ಎಳೆಯೆಳೆಯಾಗಿ ಕಾಣುತ್ತದೆ.